ಏಳನೆಯ ಸಾಲು

ಕೀಲಿಮಣೆಯನ್ನು ಮಗುಚಿ ಮೇಜಿಗೆ ಕುಟ್ಟಿದಾಗ ಬಿಸ್ಕತ್ತಿನ ಪುಡಿ, ಒಂದೆರಡು ತಲೆಗೂದಲು, ಯಾರೋ ಕಚ್ಚಿ ಉಗುಳಿದ ಉಗುರಿನ ಚೂರು ಉದುರಿದವು. ಅವನು ರಟ್ಟಿನ ತುಂಡಿನಿಂದ ಉಗುರನ್ನು ಮೇಜಿನ ಅಂಚಿಗೆ ತಳ್ಳಿ ಬೀಳಿಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಗ್ರಂಥಾಲಯದ ಮಹಡಿಯ ಈ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ, ಅಂತರಜಾಲದ ವಿಶ್ವಕೋಶಕ್ಕೆ ಬರೆಯಬೇಕೆಂದು ಬರುವ ಹೊಸಬರಿಗೆ ಅವನು ಪಾಠ ಹೇಳುತ್ತಿದ್ದ. ಉಳಿದ ಆರು ದಿನ ಪಠ್ಯಪುಸ್ತಕ ಅಚ್ಚು ಮಾಡುವ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಹನ್ನೊಂದು ವರ್ಷದ ಹಿಂದೆ ವಿಶ್ವಕೋಶದಲ್ಲಿ ಖಾತೆ ತೆರೆದಾಗ ತಮಾಷೆಗೆ 'ಅಡಿಟಿಪ್ಪಣಿ' ಎಂದು ಹೆಸರಿಟ್ಟುಕೊಂಡಿದ್ದ. ಈಗ ಇಲ್ಲಿ ಎಲ್ಲರಿಗೂ ಅವನು ಅಡಿಟಿಪ್ಪಣಿಯೇ. ಅವನ ಸ್ವಂತ ಹೆಸರು ಇವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಎಲ್ಲರೂ ಈ ಕಡೆ ನೋಡಿ," ಎಂದಳು ಸಂಯೋಜಕಿ. ಇನ್ನೂ ಯಾರೂ ಒಂದಕ್ಷರ ಬರೆದಿರಲಿಲ್ಲ. ಆಗಲೇ ಎಲ್ಲರ ಕೈಗೆ ಪ್ರಮಾಣಪತ್ರ ಹಿಡಿಸಿ ಫೋಟೊ ತೆಗೆಯುತ್ತಿದ್ದಳು. ಕಾಲೇಜಿನಿಂದ ಹಾಜರಾತಿಗಾಗಿ ಬಂದವರು ಫೋಟೊಗೆ ಹಲ್ಲು ಬಿಟ್ಟು, ಮತ್ತೆ ಯಂತ್ರದಿಂದ ಅನುವಾದಿಸಿದ ಪುಟಗಳನ್ನು ಅಂಟಿಸತೊಡಗಿದರು. ಒಬ್ಬಳ ಪುಟದಲ್ಲಿ ತಿಮಿಂಗಿಲ ವರ್ಷಕ್ಕೊಂದು ಮರಿಯನ್ನು ವಿತರಿಸುತ್ತಿತ್ತು. ತಿದ್ದಲು ಹೋದರೆ, "ಇರ್ಲಿ ಬಿಡಿ ಸರ್, ಸಂಖ್ಯೆಗೆ ಆಗುತ್ತೆ," ಎಂದು ಸಂಯೋಜಕಿ ಕಣ್ಣು ಮಿಟುಕಿಸಿದಳು. ಹಳಸಿದ್ದನ್ನು ಬಡಿಸುವ ಸಾಲಿನಲ್ಲಿ ಸೌಟು ಹಿಡಿದು ನಿಂತಿರುವೆನೆಂದು ಅವನಿಗೆ ಎಷ್ಟೋ ಭಾನುವಾರ ಅನ್ನಿಸಿತ್ತು. ಆದರೂ ಬರುತ್ತಿದ್ದ.

ಕಿಟಕಿಯ ಪಕ್ಕದ ಗಣಕದ ಮುಂದೆ ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಅಂಗಡಿಯಿಂದ ನೇರವಾಗಿ ಬಂದ ದರ್ಜಿ. ಮೂರು ವಾರದಿಂದ ತಪ್ಪದೆ ಬಂದು, ಹೇಳಿದ್ದನ್ನೆಲ್ಲ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಇವತ್ತು ಮೊದಲ ಸಲ ತಾನೇ ಒಂದು ಸಾಲನ್ನು ಅಳಿಸಿದ್ದಳು.

"ಸರ್, ನಾನು ತೆಗೆದದ್ದು ಮತ್ತೆ ಬಂದು ಕೂತಿದೆ. ಜೊತೆಗೆ ಏನೋ ಬೈದು ಬರೆದಿದ್ದಾರೆ."

ಅವನು ಬಗ್ಗಿ ನೋಡಿದ. ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ: 'ಆಧಾರವಿರುವ ಮಾಹಿತಿಯನ್ನು ಅಳಿಸುವುದು ವಿಧ್ವಂಸಕ ಕೃತ್ಯ. ಮುಂದುವರಿಸಿದರೆ ನಿಮ್ಮ ಖಾತೆಯನ್ನು ತಡೆಹಿಡಿಯಲಾಗುವುದು.' ಕೆಳಗೆ 'ಪೊರಕೆ' ಎಂಬ ಸಹಿ. ಪೊರಕೆ ಅವನೇ ಪಳಗಿಸಿದ ಶಿಷ್ಯ. ಮನೆಯಲ್ಲಿ ಕೂತು ಹೊಸಬರ ತಪ್ಪುಗಳನ್ನು ಗುಡಿಸುತ್ತಿದ್ದ. ಅವಳು ಅಳಿಸಿ ನಾಲ್ಕು ನಿಮಿಷವೂ ಆಗಿರಲಿಲ್ಲ.

"ವಿಧ್ವಂಸಕ ಅಂದ್ರೆ ಏನು ಸರ್?"

"ಹಾಳು ಮಾಡೋರು ಅಂತ. ತಲೆ ಕೆಡಿಸ್ಕೋಬೇಡಿ ಅಮ್ಮ, ಅದು ಮೊದಲೇ ಬರೆದಿಟ್ಟ ಮಾತು. ಗುಂಡಿ ಒತ್ತಿದ್ರೆ ಹೋಗುತ್ತೆ."

"ಮೂವತ್ತು ವರ್ಷ ಕತ್ತರಿ ಹಿಡಿದಿದ್ದೀನಿ. ಒಬ್ಬರ ಬಟ್ಟೆ ಹಾಳು ಮಾಡಿದೋಳಲ್ಲ," ಎಂದಳು. ಧ್ವನಿ ಏರಿರಲಿಲ್ಲ.

ಪುಟ ಊರಿನ ಹಳೆಯ ಬಟ್ಟೆ ಗಿರಣಿಯದು. ನಲವತ್ತೊಂದು ವರ್ಷದ ಹಿಂದೆ ಅಲ್ಲಿ ಬಾಯ್ಲರ್ ಸಿಡಿದು ಏಳು ಜನ ಸತ್ತಿದ್ದರು. ಅವಳು ಅಳಿಸಿದ ಸಾಲು ಇದು: 'ಅಪಘಾತದ ವೇಳೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕೆಲಸಗಾರ ಕುಡಿದ ಅಮಲಿನಲ್ಲಿದ್ದನೆಂದು ಹೇಳಲಾಗುತ್ತದೆ.' ಪಕ್ಕದಲ್ಲಿ ಆಧಾರ ತೋರಿಸುವ ಪುಟ್ಟ ಅಂಕಿ. ಅದನ್ನು ಒತ್ತಿದರೆ ಪತ್ರಿಕೆಯೊಂದರ ಭಾನುವಾರದ ಪುರವಣಿ.

"ಆ ಕೆಲಸಗಾರ ನಮ್ಮಪ್ಪ," ಎಂದಳು ದರ್ಜಿ. "ಹೊಟ್ಟೆಹುಣ್ಣಿನ ಮನುಷ್ಯ. ಊಟದಲ್ಲಿ ಖಾರ ಸೋಕಿದ್ರೆ ರಾತ್ರಿಯಿಡೀ ಒದ್ದಾಡೋರು. ಕುಡಿಯೋದು ಎಲ್ಲಿಂದ ಬಂತು?"

ಕೈಚೀಲದಿಂದ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ನೀಲಿ ಕಾರ್ಬನ್ ಪ್ರತಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ನೀರಿನ ಮಟ್ಟ ತೋರಿಸುವ ಗಾಜು ಒಡೆದಿದೆ, ಬದಲಾಯಿಸುವವರೆಗೆ ಬಾಯ್ಲರ್ ನಿಲ್ಲಿಸಬೇಕು ಎಂದು ಮ್ಯಾನೇಜರಿಗೆ ಬರೆದ ಅರ್ಜಿ. ಮೂರನೆಯ ಸಲ ಬರೆಯುತ್ತಿದ್ದೇನೆ ಎಂದೂ ಇತ್ತು. ತಾರೀಕು ಅಪಘಾತಕ್ಕೆ ಒಂಬತ್ತು ದಿನ ಮುಂಚಿನದು.

"ಇದು ಪ್ರಕಟವಾದದ್ದಲ್ಲ ಅಮ್ಮ. ಅಚ್ಚಾಗಿರೋದು ಬೇಕು." ಮಾತು ತಾನಾಗಿಯೇ ಬಂದಿತ್ತು. ಈ ಮಾತನ್ನು ಅವನು ನೂರು ಸಲವಾದರೂ ಹೇಳಿರಬೇಕು.

"ಹಾಗಾದ್ರೆ ಅಪ್ಪ ಕಾರ್ಬನ್ ಇಟ್ಟು ಬರೆದದ್ದು ದಂಡ."

ಅವಳು ಮುಂದುವರಿಸಿದಳು. ಗಿರಣಿಯನ್ನು ಈಗ ಮ್ಯೂಸಿಯಂ ಮಾಡುತ್ತಿದ್ದಾರೆ. ಬಾಯ್ಲರ್ ಮನೆಯ ಗೋಡೆಯ ಮೇಲೆ ಗಿರಣಿಯ ಕಥೆ ಬರೆಸುತ್ತಾರೆ. ಬರಹವನ್ನು ಈ ಪುಟದಿಂದಲೇ ಎತ್ತಿಕೊಂಡಿದ್ದಾರೆ, ಈ ಸಾಲನ್ನೂ ಸೇರಿಸಿ; ಗೋಡೆಯಲ್ಲಿ ಅದು ಏಳನೆಯದು. ಅಧಿಕಾರಿಯನ್ನು ಕೇಳಿದರೆ, ವಿಶ್ವಕೋಶದಲ್ಲೇ ಇದೆಯಲ್ಲ, ಬೇಕಿದ್ದರೆ ಅಲ್ಲಿ ತಿದ್ದಿಸಿಕೊಂಡು ಬನ್ನಿ ಅಂದರಂತೆ. "ಗುರುವಾರ ಗೋಡೆ ಬರೆಯೋರು ಬರ್ತಾರೆ. ಅದಕ್ಕೇ ಇದನ್ನ ಕಲಿಯೋಕೆ ಬಂದೆ. ಒಂದು ಸಾಲು ತಾನೇ, ಬಿಚ್ಚಿದ್ರೆ ಆಯ್ತು ಅನ್ಕೊಂಡಿದ್ದೆ."

"ಯಾರು ಹಾಕಿದ್ದು ನೋಡೋಣ," ಎಂದು ಅವನು 'ಇತಿಹಾಸ' ಎಂಬ ಗುಂಡಿ ಒತ್ತಿದ. ಮೊದಲ ಪಾಠದಲ್ಲೇ ಹೇಳಿಕೊಡುವುದು ಅದನ್ನು. ಇಲ್ಲಿ ಏನೂ ಕಳೆದುಹೋಗಲ್ಲ, ಯಾರು ಯಾವತ್ತು ಏನು ಬರೆದರು ಎಲ್ಲಾ ಇರುತ್ತೆ ಎಂದು. ಬದಲಾವಣೆಗಳ ಪಟ್ಟಿ ಒಂದೊಂದೇ ವರ್ಷ ಹಿಂದಕ್ಕೆ ಸರಿಯಿತು. ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನದಲ್ಲಿ ನಿಂತಿತು. ಸಾಲು ಸೇರಿಸಿದವರು: ಅಡಿಟಿಪ್ಪಣಿ.

ಅವನ ಬೆರಳು ಮೌಸಿನ ಚಕ್ರವನ್ನು ತಿರುಗಿಸಿಬಿಟ್ಟಿತು. ಪಟ್ಟಿ ಸರ್ರನೆ ಮೇಲಕ್ಕೆ ಹೋಯಿತು.

"ಯಾರೋ ಹಳಬರು," ಎಂದ. "ನೋಡ್ತೀನಿ. ಎರಡು ದಿನ ಕೊಡಿ."

ಅವಳು ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಆಮೇಲೆ ಅವನ ಕಾಲ ಬಳಿಯ ಚೀಲದತ್ತ ನೋಡಿ, "ಜಿಪ್ಪು ಕಿತ್ತು ಎಷ್ಟು ದಿನ ಆಯ್ತು? ಬಾಯಿ ಬಿಟ್ಕೊಂಡೇ ಓಡಾಡ್ತಿದ್ದೀರಿ. ಕೊಡಿ, ಹೊಸದು ಹಾಕಿಡ್ತೀನಿ. ಅಂಗಡಿಗೆ ಬಂದು ತಗೊಂಡು ಹೋಗಿ," ಎಂದಳು. ಅವನು ಒಳಗಿನದನ್ನೆಲ್ಲ ಮೇಜಿನ ಮೇಲೆ ಸುರಿದು ಖಾಲಿ ಚೀಲ ಕೊಟ್ಟ. ಆ ಚೀಲದ ಮೇಲೆ ವಿಶ್ವಕೋಶದ ಲಾಂಛನವಿತ್ತು. ಹನ್ನೊಂದು ವರ್ಷದ ಹಿಂದಿನ ಸ್ಪರ್ಧೆಯಲ್ಲಿ ಸಿಕ್ಕ ಬಹುಮಾನ ಅದು. ನೂರು ದಿನಕ್ಕೆ ನೂರು ಲೇಖನ, ಒಂದೊಂದೂ ಇಷ್ಟು ಉದ್ದ ಇರಲೇಬೇಕು. ಗಿರಣಿಯ ಲೇಖನಕ್ಕೆ ಕೊನೆಗೆ ಏಳೆಂಟು ಪದ ಕಡಿಮೆ ಬಿದ್ದಿದ್ದವು; ಆ ಸಾಲಿನಿಂದ ತುಂಬಿಸಿದ್ದ.

ಸಂಜೆ ಮನೆಯಲ್ಲಿ ಪುರವಣಿಯ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಹಿಂದೆ ಓದಿರಲಿಲ್ಲ. ಏಳು ವರ್ಷದ ಕೆಳಗೆ ಯಾರೋ ಆ ಸಾಲಿನ ಮುಂದೆ 'ಆಧಾರ ಬೇಕು' ಎಂದು ಗುರುತು ಹಾಕಿದಾಗ, ಇವನೇ ಹುಡುಕಿ, ಸಿಕ್ಕಿತೆಂದು ಹಿಗ್ಗಿ, ಕೊಂಡಿ ಹಾಕಿ ಮುಂದೆ ಹೋಗಿದ್ದ. ಈಗ ಕರಡು ತಿದ್ದುವ ಕಣ್ಣಿನಿಂದ ಓದಿದ. ಗಿರಣಿಯ ಚಿಮಣಿಯ ಎತ್ತರ ನೂರಾ ಎಂಟು ಅಡಿ. ಮೊದಲ ವರ್ಷ ಅವನು ಕೈತಪ್ಪಿ ನೂರಾ ಎಂಬತ್ತು ಎಂದು ಬರೆದು, ಆಮೇಲೆ ತಿದ್ದಿದ್ದ. ಪುರವಣಿಯಲ್ಲಿ ನೂರಾ ಎಂಬತ್ತೇ ಇತ್ತು. ಪತ್ರಿಕೆಯವನು ಇವನ ಪುಟವನ್ನು ನಕಲು ಮಾಡಿದ್ದ. ಇವನು ಆ ನಕಲನ್ನು ತಂದು ತನ್ನ ಮಾತಿಗೆ ಆಧಾರ ಕೊಟ್ಟಿದ್ದ. ತಾನು ಉಗುಳಿದ್ದನ್ನು ತಟ್ಟೆಯಲ್ಲಿ ತರಿಸಿಕೊಂಡು ತಿಂದಂತೆ. ಎದ್ದು ಹೋಗಿ ಬಾಯಿ ಮುಕ್ಕಳಿಸಿದ.

ನಡುಮನೆಯಲ್ಲಿ ಚಿಕ್ಕಪ್ಪ ಬಾಳೆಹಣ್ಣು ತಿನ್ನುತ್ತಿದ್ದರು. ಎಪ್ಪತ್ತೆಂಟು ವರ್ಷ. ಗಿರಣಿಯ ಆಫೀಸಿನಲ್ಲಿ ಹಾಜರಿ ಗುಮಾಸ್ತರಾಗಿದ್ದವರು. ಆ ಸಾಲು ಕೇಳಿದ್ದು ಇವರ ಬಾಯಿಂದ.

"ಚಿಕ್ಕಪ್ಪ, ಆ ಬಾಯ್ಲರಿನೋನು ಕುಡಿದಿದ್ದ ಅಂತಿದ್ರಲ್ಲ. ನೀವು ನೋಡಿದ್ರಾ?"

"ನಾನೆಲ್ಲಿ ನೋಡ್ಲಿ? ಬಾಯ್ಲರ್ ಮನೆ ಕಡೆ ನಾನು ಕಾಲೇ ಇಡ್ತಿರಲಿಲ್ಲ, ಸೆಕೆ ಅಂತ."

"ಮತ್ತೆ?"

"ಆಫೀಸಲ್ಲಿ ಎಲ್ಲಾ ಹೇಳ್ತಿದ್ರು. ಮ್ಯಾನೇಜರೇ ಹೇಳಿದ್ರು ಅನ್ಸುತ್ತೆ. ಸತ್ತೋನು ಬಂದು ಇಲ್ಲ ಅಂತಾನೇನೋ?" ಎಂದು ನಕ್ಕರು. ಅಗಿದ ಹಣ್ಣು ಹಲ್ಲಿನ ಸಂದಿಯಿಂದ ಗಲ್ಲಕ್ಕೆ ಇಳಿಯಿತು. ತುಂಡು ಬಟ್ಟೆಯಿಂದ ಅದನ್ನು ಒರೆಸುವಾಗ, ಆ ಬಾಯಿಯ ಮೇಲೆ ತನಗೆ ಬಂದ ಅಸಹ್ಯಕ್ಕೆ ತನಗೆ ಹಕ್ಕಿಲ್ಲವೆಂದು ಅವನಿಗೆ ಗೊತ್ತಿತ್ತು. ಚಿಕ್ಕಪ್ಪ ಹೇಳಿದ್ದು ನಡುಮನೆಯಲ್ಲಿ. ಊರಿಗೆಲ್ಲ ಹೇಳಿದವನು ತಾನು.

ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಆ ಸಾಲನ್ನು ತೆಗೆದು, ಚರ್ಚೆಯ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದ. ಮಧ್ಯಾಹ್ನ, ಮಸಿಯ ವಾಸನೆಯ ನಡುವೆ ಡಬ್ಬಿ ತೆರೆಯುತ್ತಿದ್ದಾಗ ಪೊರಕೆಯ ಫೋನು ಬಂತು.

"ಗುರುಗಳೇ, ನಿಮ್ಮ ಖಾತೇನ ಯಾರಾದ್ರೂ ಕದ್ರಾ? ಗಾಬರಿ ಆಗಿ ಸಾಲನ್ನ ವಾಪಸ್ ಹಾಕಿದೆ."

"ಯಾರೂ ಕದ್ದಿಲ್ಲ. ಅದು ನಾನೇ ಬರೆದ ಸುಳ್ಳು."

"ಸುಳ್ಳು ಅನ್ನೋಕೆ ಆಧಾರ?"

"ನಾನೇ ಹೇಳ್ತಿದ್ದೀನಲ್ಲೋ."

"ನಿಮ್ಮ ನೆನಪು ಆಧಾರ ಆಗಲ್ಲ ಗುರುಗಳೇ. ಹೊಸಬರ ಸಹಾಯ ಪುಟ, ನಾಲ್ಕನೇ ಅಂಶ. ಬರೆದೋರು ಯಾರು ನೋಡಿ." ಪೊರಕೆ ನಕ್ಕ. ಅದರಲ್ಲಿ ಕೆಡುಕೇನೂ ಇರಲಿಲ್ಲ, ಒಪ್ಪಿಸಿದ ಪಾಠ ತಪ್ಪಿಲ್ಲವೆಂಬ ಸಂತೋಷವಿತ್ತು. "ಪತ್ರಿಕೆ ಅಚ್ಚಾಗಿದೆ. ನೀವು ಅಚ್ಚಾಗಿಲ್ಲ."

"ಚಿಮಣಿ ಲೆಕ್ಕ ನೋಡಿದ್ಯಾ?"

"ನೋಡಿದೆ. ಅದು ನಿಮ್ಮ ಊಹೆ ಅಂತಾರೆ. ನಾಲ್ಕು ಜನ ಹಳಬರನ್ನ ಕೇಳೋಣ, ತಿಂಗಳೊಪ್ಪತ್ತು ಚರ್ಚೆ ಆಗ್ಲಿ. ಅವಸರ ಏನಿದೆ?"

ಅವನು ಡಬ್ಬಿಯ ಮುಚ್ಚಳ ಮುಚ್ಚಿದ.

ಬುಧವಾರ ಅವಳ ಅಂಗಡಿಗೆ ಹೋದ. ಓಣಿಯ ಕೊನೆಯಲ್ಲಿ ಒಂದೇ ಬಾಗಿಲಿನ ಕೋಣೆ, ಒಂದು ಹೊಲಿಗೆ ಯಂತ್ರ, ಗೋಡೆಗೆ ತಗುಲಿಹಾಕಿದ ಅರ್ಧ ಹೊಲಿದ ಅಂಗಿಗಳು. ಅವಳು ಚೀಲ ತೆಗೆದು ಹೊಸ ಜಿಪ್ಪನ್ನು ಎರಡು ಸಲ ಎಳೆದು ತೋರಿಸಿದಳು.

"ಆ ಸಾಲು ಹಾಕಿದ ಹಳಬರು..." ಎಂದು ಅವನು ಶುರುಮಾಡಿದ.

"ಗೊತ್ತು. ನೀವು."

ಯಂತ್ರದ ಮೇಲಿನ ದೀಪಕ್ಕೆ ಒಂದು ಹುಳು ಬಡಿಯುತ್ತಿತ್ತು.

"ಬೇಗ ಸರಿಸಿಬಿಟ್ರಿ. ಆದ್ರೆ ನಾನು ದಿನಾ ಸೂಜಿಗೆ ದಾರ ಪೋಣಿಸೋಳು ಸರ್, ಸಣ್ಣದೂ ಕಾಣುತ್ತೆ. ಹೇಳ್ತೀರೇನೋ ಅಂತ ಕಾದೆ. ಅದಕ್ಕೇ ಚೀಲ ಇಸ್ಕೊಂಡೆ. ಚೀಲಕ್ಕಾದ್ರೂ ಬರ್ತೀರಲ್ಲ."

"ಅಲ್ಲಿ ತೆಗೆಯೋಕೆ ಆಗಲಿಲ್ಲ," ಎಂದ. ಪೊರಕೆಯ ಮಾತನ್ನು ಹೇಳಿದ. ಅವಳು ಬೈಯುವಳೆಂದು ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವಳು ನಮೂನೆ ಕತ್ತರಿಸುವ ಕಂದು ಕಾಗದದ ಒಂದು ತುಂಡು ಹರಿದು ಅವನ ಮುಂದಿಟ್ಟಳು.

"ಬರೀರಿ. ಮ್ಯೂಸಿಯಮ್ಮಿನೋರಿಗೆ."

ಅವನು ಬರೆದ. ಚಿಕ್ಕಪ್ಪನ ಮಾತು, ಕಡಿಮೆ ಬಿದ್ದ ಪದಗಳು, ಪುರವಣಿ, ಚಿಮಣಿ. ಕೊನೆಯಲ್ಲಿ 'ಅಡಿಟಿಪ್ಪಣಿ' ಎಂದು ಬರೆಯಹೊರಟಾಗ ಅವಳು ಬಟ್ಟೆಯ ಸೀಮೆಸುಣ್ಣದಿಂದ ಕಾಗದವನ್ನು ತಟ್ಟಿದಳು.

"ಅದಲ್ಲ. ನಿಮ್ಮ ಹೆಸರು."

ಗುರುವಾರ ಅರ್ಧ ದಿನದ ರಜೆ ಹಾಕಿ ಅವಳ ಜೊತೆ ಗಿರಣಿಗೆ ಹೋದ. ಬಾಯ್ಲರ್ ಮನೆಗೆ ಹೊಸ ಬಣ್ಣ ಬಳಿದಿದ್ದರು. ಬಾಗಿಲಲ್ಲಿ ಹಲಗೆಯಿಂದ ಮಾಡಿದ ಆಳೆತ್ತರದ ಕೆಲಸಗಾರ ನಿಂತಿದ್ದ. ಕೈಯಲ್ಲಿ ಸಲಿಕೆ, ಮುಖದ ಜಾಗದಲ್ಲಿ ದುಂಡಗಿನ ತೂತು. ಬಂದವರು ಅದರೊಳಗೆ ತಮ್ಮ ಮುಖವಿಟ್ಟು ಫೋಟೊ ತೆಗೆಸಿಕೊಳ್ಳಲಿ ಎಂದು. ಅವಳು ತೂತಿನ ಎದುರು ಒಂದು ಕ್ಷಣ ನಿಂತಳು. ಅದರಾಚೆ ತೊಳೆದಿಟ್ಟ ಬಾಯ್ಲರ್ ಕಾಣುತ್ತಿತ್ತು.

ಅಧಿಕಾರಿ ಕಂದು ಕಾಗದವನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಇದನ್ನ ನಂಬೋದು ಹೇಗೆ?"

"ಬರೆದೋನೇ ಬಂದು ನಿಂತಿದ್ದೀನಿ ಸರ್."

"ಒಂದು ಕೆಲಸ ಮಾಡೋಣ. ಈ ಬಗ್ಗೆ ಭಿನ್ನಾಭಿಪ್ರಾಯ ಇದೆ ಅಂತ ಕೊನೇಲಿ ಸೇರಿಸೋಣ. ಎರಡೂ ಕಡೆಗೆ ಬೇಜಾರಿಲ್ಲ."

"ಯಾವ ಎರಡು ಕಡೆ ಸರ್?" ಎಂದಳು ದರ್ಜಿ.

ಒಳಗೆ ಗೋಡೆ ಬರೆಯುವ ಮುದುಕ ಏಣಿಪೀಠದ ಮೇಲಿಂದ ಕೂಗಿದ, "ಆರು ಸಾಲು ಆಯ್ತು ಸರ್. ಏಳನೇದು ಬರೀಲಾ?"

ಕಾಗದ ಅಧಿಕಾರಿಯ ಕೈಯಲ್ಲೇ ಇತ್ತು. ಅವರು ಅದನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಏಳು ಬಿಡಿ. ಎಂಟನೇದಕ್ಕೆ ಹೋಗಿ."

"ಜಾಗ ಖಾಲಿ ಕಾಣುತ್ತಲ್ಲ ಸರ್?"

"ಕಾಣ್ಲಿ ಬಿಡಿ. ಏನು ಬರೆಸೋದು ಅಂತ ಆಮೇಲೆ ನೋಡೋಣ," ಎಂದು ಅಧಿಕಾರಿ ಕಾಗದವನ್ನು ಜೇಬಿಗೆ ಹಾಕಿಕೊಂಡು ಹೋದರು.

ಇಬ್ಬರೂ ಗೋಡೆಯ ಮುಂದೆ ನಿಂತರು. ಮುದುಕ ಏಣಿಪೀಠದ ಒಂದು ಮೆಟ್ಟಿಲು ಇಳಿದು, ಕುಂಚ ಅದ್ದಿ, ಎಂಟನೆಯ ಸಾಲಿನ ಮೊದಲ ಅಕ್ಷರ ಶುರುಮಾಡಿದ.

"ವಿಶ್ವಕೋಶದಲ್ಲಿ?" ಎಂದು ಅವಳು ಕೇಳಿದಳು.

"ಅಲ್ಲಿ ಇನ್ನೂ ಇದೆ."

"ಭಾನುವಾರ ಬರ್ತೀನಿ."

ಅವನು ತಲೆಯಾಡಿಸಿದ. ಚೀಲದ ಜಿಪ್ಪನ್ನು ಸುಮ್ಮನೆ ಎಳೆದ. ಎಲ್ಲೂ ತಡೆಯದೆ ಕೊನೆಯವರೆಗೆ ಮುಚ್ಚಿಕೊಂಡಿತು.

"ಏಳನೇದಕ್ಕೆ ಅಂತ ಎಳೆದ ಪೆನ್ಸಿಲ್ ಗೆರೆಗಳನ್ನ ಒರೆಸ್ಲೇನಮ್ಮ?" ಮುದುಕ ಖಾಲಿ ಜಾಗ ತೋರಿಸಿದ.

"ಇರ್ಲಿ."

ಅಪ್ಪನ ಅರ್ಜಿಯಿದ್ದ ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿ, ಆರನೆಯ ಸಾಲಿನ ಹಸಿ ಬಣ್ಣಕ್ಕೆ ಕೈ ತಾಗದಂತೆ ಅವಳು ಗೋಡೆಯ ಎಡ ಅಂಚಿಗೆ ಹೆಬ್ಬೆರಳೂರಿ, ಕಿರುಬೆರಳು ಚಾಚಿದಳು. ಒಂದು ಗೇಣು. ಮತ್ತೆ ಒಂದು. ತುಟಿ ಅಲುಗಿಸಿ ಎಣಿಸುತ್ತ, ಎರಡು ಗೆರೆಗಳ ನಡುವಿನ ಬಿಳಿ ಜಾಗದ ಉದ್ದಕ್ಕೂ ಅಳೆಯುತ್ತ ಹೋದಳು.