ಮೂರನೇ ಫ್ಯಾನಿನ ಜಾಲರಿ

ಡ್ರೈವರ್ ಮೊದಲು ಗುರುತಿಸಿದ್ದು ಮುಖವನ್ನಲ್ಲ, ಕೈಯನ್ನು. ಬಲಗೈಯಲ್ಲಿ ಮೂರೇ ಬೆರಳು. ಮಾದರಿ ರೈಲುಗಳ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಬಂದಿದ್ದವನು ಎಂಜಿನ್ ರಿಪೇರಿ ಶೆಡ್ಡಿನ ಹಳೆಯ ಫಿಟ್ಟರ್.

ಮೇಜಿನ ಮೇಲೆ ಮೊಣಕೈಯುದ್ದದ ಡೀಸೆಲ್ ಎಂಜಿನ್ ನಿಂತಿತ್ತು. ತಾನು ಓಡಿಸುತ್ತಿದ್ದ ಎಂಜಿನ್ನಿನ ಮಾದರಿಯನ್ನೇ ಡ್ರೈವರ್ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದ. ಅದರ ನೆತ್ತಿಯ ಮೇಲೆ ಹಾರ್ನು, ಆಂಟೆನಾ, ಮೂರು ಫ್ಯಾನು, ಹೊಗೆಕೊಳವೆ. ಕೊಳವೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಸ್ವಿಚ್ ಒತ್ತಿದರೆ ಒಳಗಿನ ತಂತಿ ಕಾದು ಹೊಗೆ ಏಳುತ್ತಿತ್ತು, ಫ್ಯಾನುಗಳು ತಿರುಗುತ್ತಿದ್ದವು. ಮೊದಲ ಬಹುಮಾನ ಗೆದ್ದ ಎಂಜಿನ್ ನಿಲ್ದಾಣದ ಗಾಜಿನ ಕಪಾಟು ಸೇರುತ್ತದೆ, ಕೆಳಗೆ ಮಾಡಿದವನ ಹೆಸರು. ಡ್ರೈವರಿಗೆ ಬೇಕಿದ್ದದ್ದು ಅದೊಂದೇ.

‘ಏನಯ್ಯಾ ಫಿಟ್ಟರ್, ದೊಡ್ಡ ಮನುಷ್ಯ ಆಗ್ಬಿಟ್ಟೆ!’

‘ಎಲ್ಲಾ ನಿಮ್ಮ ದಯೆ, ಡ್ರೈವರ್ ಸಾಹೇಬ್ರೇ. ಎರಡು ಬೆರಳಿನ ಭಾರ ಇಳಿಸಿದ್ರಲ್ಲ, ಬೇಗ ಮೇಲೆ ಬಂದೆ.’

ಪಕ್ಕದಲ್ಲಿದ್ದ ಡ್ರೈವರನ ಹೆಂಡತಿ ತಮಾಷೆಯೆಂದುಕೊಂಡು ನಕ್ಕಳು.

ಫಿಟ್ಟರ್ ಭೂತಗನ್ನಡಿ ಹಿಡಿದು ಬಗ್ಗಿದ. ಬೋಲ್ಟು ಎಣಿಸಿದ. ಮೂರನೇ ಫ್ಯಾನಿನ ಬಳಿ ಕೈ ನಿಂತಿತು.

‘ಉಳಿದೆರಡಕ್ಕೂ ಇದೆ. ಇದರ ಜಾಲರಿ?’

‘ಜಾಲರಿ ಎಲ್ಲಿತ್ತು...’ ಎಂದವನೇ ಡ್ರೈವರ್ ನಾಲಿಗೆ ಕಚ್ಚಿಕೊಂಡ.

ಅಪಘಾತಕ್ಕೂ ಮುಂಚಿನ ಹಳೆಯ ಫೋಟೊ ಇಟ್ಟುಕೊಂಡು ಮಾಡಿದ್ದ. ಫೋಟೊದಲ್ಲಿ ಜಾಲರಿ ಇರಲಿಲ್ಲ. ಆದರೆ ಆ ಫ್ಯಾನಿಗೆ ಫಿಟ್ಟರನ ಬೆರಳು ಸಿಕ್ಕಿ ಹೋದಾಗ ನಡೆದ ವಿಚಾರಣೆಯಲ್ಲಿ ಡ್ರೈವರ್ ಬರೆದುಕೊಟ್ಟದ್ದು ಬೇರೆ: ಜಾಲರಿ ಇತ್ತು, ಫಿಟ್ಟರನೇ ಬಿಚ್ಚಿಟ್ಟಿದ್ದ. ಮೇಲೆ ಮನುಷ್ಯನಿದ್ದಾನೆಯೇ ಎಂದು ನೋಡದೆ ತಾನು ಎಂಜಿನ್ ಚಾಲೂ ಮಾಡಿದ್ದನ್ನು ಬರೆದಿರಲಿಲ್ಲ. ಫಿಟ್ಟರನ ಕೆಲಸ ಹೋಯಿತು. ಡ್ರೈವರಿಗೆ ಆ ವರ್ಷವೇ ಬಡ್ತಿ ಬಂತು.

‘ಇರ್ಲಿಲ್ಲ ಅಂತ ಇಲ್ಲಿ ಬರೆದು ಸಹಿ ಹಾಕಿ, ಪೂರ್ತಿ ಅಂಕ ಕೊಡ್ತೀನಿ,’ ಎಂದು ಫಿಟ್ಟರ್ ಹಾಳೆ ಸರಿಸಿದ. ‘ಇತ್ತು ಅಂದ್ರೆ ಈಗ್ಲೇ ಅಂಟಿಸಿ. ಅರ್ಜಿ ಜೊತೆ ನೀವು ಕಳಿಸಿದ ಫೋಟೊ ನೋಡಿ, ತಯಾರಾಗೇ ಬಂದಿದೀನಿ.’ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಳಗೆ ಅಳತೆಗೆ ಸರಿಯಾಗಿ ಕತ್ತರಿಸಿದ ಪುಟ್ಟ ಜಾಲರಿ.

‘ಇರ್ಲಿಲ್ಲ ಅಂದ್ರೆ ಇರ್ಲಿಲ್ಲ ಅಂತ ಬರೀರಿ. ಅದಕ್ಯಾಕ್ರೀ ಇಷ್ಟು ಬೆವರ್ತೀರಿ?’ ಎಂದಳು ಹೆಂಡತಿ.

‘ನೀನು ಬಾಯ್ಮುಚ್ಚು. ಇತ್ತು. ಬರುವಾಗ ಬಿದ್ದಿರ್ಬೇಕು.’

ಡ್ರೈವರ್ ಅಂಟಿನ ಟ್ಯೂಬು ಹಿಂಡಿದ. ಅವಸರಕ್ಕೆ ಅಂಟು ಫ್ಯಾನಿನೊಳಕ್ಕೇ ಸುರಿಯಿತು. ಅದರ ಮೇಲೆಯೇ ಜಾಲರಿ ಒತ್ತಿದ.

ಫಿಟ್ಟರ್ ಸ್ವಿಚ್ ಹಾಕಿದ. ಎರಡು ಫ್ಯಾನು ತಿರುಗಿದವು. ಮೂರನೆಯದು ಒಮ್ಮೆ ಅದುರಿ ನಿಂತಿತು. ಅಡಿಯ ಮೋಟರು ಗುಂಯ್‌ಗುಟ್ಟಿ ಸುಟ್ಟುಹೋಯಿತು. ಜಾಲರಿಯ ಕಣ್ಣುಗಳಿಂದ ಕಪ್ಪು ಹೊಗೆ ಎದ್ದಿತು.

‘ಅವತ್ತು ಈ ಫ್ಯಾನು ಹೀಗೆ ನಿಂತಿದ್ರೆ ಸಾಕಿತ್ತು,’ ಎಂದ ಫಿಟ್ಟರ್, ಸೊನ್ನೆ ಬರೆದು ಮುಂದಿನ ಮೇಜಿಗೆ ಹೋದ.

‘ರೀ, ಅವರ ಬೆರಳು...’ ಹೆಂಡತಿಯ ನಗು ಇಳಿದಿತ್ತು.

‘ಬೆರಳು ಹಾಳಾಗ್ಲಿ! ಹೋಗಿ ಕೇಳ್ಕೊಂಡ್ ಬಾ, ಅಂಟು ಬಿಡಿಸೋದು ಯಾರ ಹತ್ರ ಆದ್ರೂ ಇದೆಯಾ ಅಂತ. ಬೇಗ ಹೋಗೇ, ಗಟ್ಟಿಯಾಗ್ತಿದೆ!’