ಪ್ರೇಮಕುಮಾರಿಯ ಪೋರ್ಷೆ

ಅರಕಲಗೂಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ನಡೆಸುವ ಪ್ರೇಮಕುಮಾರಿಗೆ ಐವತ್ತು ದಾಟಿತ್ತು. ಸಕಲೇಶಪುರದ ಸಾಹುಕಾರರೊಬ್ಬರ ಕೊಟ್ಟಿಗೆಯಲ್ಲಿ ಇಲಿಗಳು ಗೂಡು ಕಟ್ಟಿಕೊಂಡಿದ್ದ ಹಳೇ ಕೆಂಪು ಪೋರ್ಷೆಯೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದು, ನಾಲ್ಕು ವರ್ಷ ಒಂದೊಂದೇ ನಟ್ಟು ಬಿಚ್ಚಿ ತೊಳೆದು, ಕೊನೆಗೂ ಅದಕ್ಕೆ ಜೀವ ಬರಿಸಿದ್ದಳು. ಒಂಟಿ ಹೆಂಗಸಿಗೆ ಇದೆಂಥ ಹುಚ್ಚು ಎಂದು ಊರವರು ನಕ್ಕಿದ್ದರು. ಅವಳು ಸ್ಪ್ಯಾನರ್ ಕೆಳಗಿಟ್ಟಿರಲಿಲ್ಲ.

ಹಾಸನದಲ್ಲಿ ಹಳೇ ಕಾರುಗಳ ಮೇಳವಾದಾಗ ಅದನ್ನು ತಾನೇ ಓಡಿಸಿಕೊಂಡು ಹೋದಳು. ಮೇಳದ ಉಸ್ತುವಾರಿ ಸೈಟು ವ್ಯಾಪಾರಿ ರಜನೀಶನದು. ಅವನಲ್ಲೂ ಒಂದು ಪೋರ್ಷೆ ಇತ್ತು, ಇಂಜಿನ್ ಹಿಂದಿರುವ ಆರು ಸಿಲಿಂಡರಿನದು. ಬಾನೆಟ್ ಎತ್ತಿಸಿ ನೋಡಿ ನಕ್ಕ.

"ನಾಲ್ಕೇ ಸಿಲಿಂಡರಾ ಮೇಡಂ? ಇದು ಬಡವರ ಪೋರ್ಷೆ. ಹಿಂದ್ಗಡೆ ಸಾಲಲ್ಲಿ ನಿಲ್ಲಿಸ್ಬಿಡಿ."

ಪ್ರೇಮಕುಮಾರಿ ಬಾನೆಟ್ ಮುಚ್ಚಿದಳು.

"ಯಾಕ್ ನಿಲ್ಲಿಸ್ಲಿ ಸಾ? ಓಡ್ಸಿ ನೋಡಿ, ಆಮ್ಯಾಕೆ ಮಾತಾಡಿ" ಎಂದು ಕೀಲಿ ಚಾಚಿದಳು.

ಸುತ್ತ ಜನ ಸೇರಿದ್ದರು. ಒಲ್ಲೆ ಎನ್ನಲಾಗದೆ ರಜನೀಶ ಕೂತ. ಪಕ್ಕದಲ್ಲಿ ಅವಳು. ಹೊಳೆನರಸೀಪುರದ ದಾರಿ ಹಿಡಿದು ಮೊಸಳೆ ಎಂಬ ಊರಿನ ಕಡೆ ಹೊರಟರು. ಮೊದಲ ತಿರುವಿನಲ್ಲೇ ಅವನು ತನ್ನ ಗಾಡಿಯ ಅಭ್ಯಾಸಬಲದಿಂದ ಬ್ರೇಕ್ ಒತ್ತಿದ.

"ಎದರ್ಕಬ್ಯಾಡಿ ಸಾ. ಇಂಜಿನ್ ಮುಂದೈತೆ, ಗೇರ್‌ಬಾಕ್ಸ್ ಇಂದೈತೆ. ಎತ್ತಿನ ಗಾಡಿಗೆ ಮೂಟೆ ಸಮವಾಗಿ ಏರ್ದಂಗೆ ಕಣಿ. ನೊಗ ಎತ್ತಿನ ಕತ್ತ್ ಅದುಮಲ್ಲ, ಮ್ಯಾಕೂ ಎಗರಲ್ಲ."

ಮುಂದಿನ ತಿರುವಿನಲ್ಲಿ ಅವನು ಬ್ರೇಕಿನ ಮೇಲೆ ಕಾಲಿಡಲಿಲ್ಲ. ಕಾರು ಗೆರೆ ಎಳೆದ ಹಾಗೆ ತಿರುಗಿತು. ಮೊಸಳೆ ದಾಟಿದರೂ ಹಿಂದಿರುಗುವ ಮನಸ್ಸು ಬರಲಿಲ್ಲ ಅವನಿಗೆ, ಅವಳೇ ನೆನಪಿಸಬೇಕಾಯಿತು.

ಮೇಳಕ್ಕೆ ಮರಳಿದ ಮೇಲೆ ಅವಳು ಯಾರನ್ನೂ ಕೇಳದೆ ಮುಂದಿನ ಸಾಲಿನ ನಡುಮಧ್ಯೆ ಗಾಡಿ ನಿಲ್ಲಿಸಿದಳು.

ಸಂಜೆ ರಜನೀಶ ತಾನಾಗಿ ಹತ್ತಿರ ಬಂದ. "ನನ್ನ ಗಾಡಿ ತಿರುವಲ್ಲಿ ಹಿಂಗೆ ಮಾತು ಕೇಳಲ್ಲ ಮೇಡಂ. ಇದನ್ನ ಕೊಟ್ಬಿಡಿ. ನೀವು ಹೇಳಿದ್ದೇ ರೇಟು."

"ಕೊಡಾಕಲ್ಲ ಸಾ ನಾನು ಕಟ್ಟಿದ್ದು. ಓಡ್ಸಾಕೆ."

"ಯೋಚ್ನೆ ಮಾಡಿ..."

"ನಾಕು ವರ್ಸ ಅದ್ನೇ ಮಾಡಿವ್ನಿ."

ಬಾಗಿಲು ಹಾಕಿಕೊಂಡು ಹೊರಟಳು. ಅರಕಲಗೂಡಿಗೆ ನೇರ ದಾರಿಯಿತ್ತು. ಅದನ್ನು ಬಿಟ್ಟು, ತಿರುವುಗಳ ಆಸೆಗೆ, ಹೊಳೆನರಸೀಪುರ ಬಳಸಿಕೊಂಡು ಮನೆಗೆ ಹೋದಳು.