ಇತವಾರಿ ಅಜ್ಜಿಯ ಕುಡುಗೋಲು

ಪುಷ್ಯದ ಚಳಿ. ಗೊಂಡರ ಆ ಪುಟ್ಟ ಹಾಡಿಯಲ್ಲಿ ಇತವಾರಿ ಅಜ್ಜಿ ಬೆಳಿಗ್ಗೆಯೇ ಅಂಗಳದಲ್ಲಿ ಕುಳಿತು ಹಾರಕ ಕೇರುತ್ತಿದ್ದಳು. ಮೊಮ್ಮಗಳು ಫಗನಿ ರಜೆಗೆಂದು ಬಂದು ಎರಡು ದಿನವಾಗಿತ್ತು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪಟ್ಟಣದ ನರ್ಸಿಂಗ್ ಶಾಲೆ ಸೇರಿದ, ಆ ಹಾಡಿಯ ಮೊದಲ ಹುಡುಗಿ ಅವಳು. ಕಲಿತದ್ದು ನಾಲ್ಕೇ ತಿಂಗಳು. ಅವಳ ಹಿಂದೆ ಹೋಗಲು ಇನ್ನಿಬ್ಬರು ಹುಡುಗಿಯರು ಅರ್ಜಿ ತುಂಬಿಟ್ಟುಕೊಂಡು, ಹಿರಿಯರು ಹೂಂ ಅನ್ನುವುದನ್ನೇ ಕಾಯುತ್ತಿದ್ದರು.

"ಏನೇ ಡಾಕ್ಟರಮ್ಮಾ, ಮೊರ ಹಿಡಿಯೋದು ಮರೆತೇ ಹೋಯ್ತಾ?" ಎಂದು ಅಜ್ಜಿ ಛೇಡಿಸಿದಳು.

ಫಗನಿ ನಗುವಷ್ಟರಲ್ಲಿ ಒಳಗಿನಿಂದ ಅತ್ತಿಗೆ ರಮೋತಿನ್ ಕೂಗಿದಳು. "ಅಜ್ಜೀ, ಕೂಸು ಮೊಲೆ ಹಿಡೀತಿಲ್ಲ!"

ಇಪ್ಪತ್ತು ದಿನದ ಗಂಡು ಕೂಸು. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು, ಹೊಟ್ಟೆಯ ಮೇಲೆ ನೀಲಿ ನರಗಳು ಎದ್ದಿದ್ದವು. ಅಜ್ಜಿ ಮುಟ್ಟಿ ನೋಡಿ, "ನರ ಎದ್ದಿದೆ, ಸುಡಬೇಕು" ಎಂದು ಕುಡುಗೋಲಿನ ತುದಿಯನ್ನು ಒಲೆಗಿಟ್ಟಳು.

ಉಬ್ಬಸ ಬಂದ ಕೂಸಿನ ಹೊಟ್ಟೆಗೆ ಬರೆ ಹಾಕುವುದು ಅಲ್ಲಿ ಲಾಗಾಯ್ತಿನಿಂದ ಬಂದ ಪದ್ಧತಿ. ಬದುಕಿದರೆ ಬರೆಯಿಂದ, ಸತ್ತರೆ ಹಣೆಬರಹದಿಂದ. ಹೀಗೆ ನಂಬಿದವರಿಗೆ ತಮ್ಮ ತಪ್ಪು ಕಾಣುವುದಾದರೂ ಹೇಗೆ? ಫಗನಿಯ ಹೊಟ್ಟೆಯ ಮೇಲೂ ಐದು ಕಲೆಗಳಿದ್ದವು.

ಅವಳು ಕೈಗಡಿಯಾರ ನೋಡುತ್ತ ಉಸಿರು ಎಣಿಸಿದಳು. ನಿಮಿಷಕ್ಕೆ ಎಪ್ಪತ್ತೆರಡು. ಅರವತ್ತು ಮುಟ್ಟಿದರೇ ತಡಮಾಡಬಾರದೆಂದು ಶಾಲೆಯಲ್ಲಿ ಕಲಿಸಿದ್ದರು.

"ಬೇಡ ಅಜ್ಜಿ. ನರದ ತೊಂದ್ರೆ ಅಲ್ಲ ಇದು, ನ್ಯುಮೋನಿಯಾ. ಆಸ್ಪತ್ರೆಗೆ ಒಯ್ಯೋಣ."

"ಅಜ್ಜಿಗೇ ಕೆಮ್ಮೋದು ಕಲಿಸ್ತೀಯಾ? ನಿನ್ನ ಉಳಿಸಿದ್ದು ಇದೇ ಕುಡುಗೋಲು ಕಣೇ!"

"ಸುಟ್ರೆ ಅತ್ತೂ ಅತ್ತೂ ಇರೋ ಉಸಿರೂ ಹೋಗುತ್ತೆ. ಗಾಯ ಕೀವಾದ್ರೆ ಮೈಯೆಲ್ಲ ನಂಜಾಗುತ್ತೆ."

"ದಾರೀಲೇ ಸತ್ರೆ?" ಬಾಗಿಲಲ್ಲಿ ನಿಂತಿದ್ದ ಅಣ್ಣ ಧನ್‌ಸಿಂಗ್ ಕೇಳಿದ. "ಹದಿನಾಲ್ಕು ಕಿಲೋಮೀಟರು. ಏನಾದ್ರೂ ಆದ್ರೆ ನೀನೇ ಕೊಂದೆ ಅಂತಾರೆ. ಆಮೇಲೆ ಈ ಹಾಡಿಯಿಂದ ಒಂದು ಹೆಣ್ಣನ್ನೂ ಓದೋಕೆ ಬಿಡಲ್ಲ."

ಫಗನಿಯ ಭಯವೂ ಅದೇ. ಸುಮ್ಮನಿದ್ದರೆ ಯಾರೂ ಅವಳನ್ನು ದೂರುವುದಿಲ್ಲ. ಕುಡುಗೋಲಿನ ತುದಿ ಕೆಂಪಾಯಿತು. ಅಜ್ಜಿ ಅದನ್ನೆತ್ತಿ ತಿರುಗುವಷ್ಟರಲ್ಲಿ ಫಗನಿ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಅತ್ತಿಗೇ, ಹೆತ್ತವಳು ನೀನು. ನೀನೇ ಹೇಳು."

ಮದುವೆಯಾಗಿ ಬಂದಾಗಿನಿಂದ ರಮೋತಿನ್ ಅಜ್ಜಿಗೆ ಎದುರಾಡಿದವಳೇ ಅಲ್ಲ. "ಮೊದಲನೇ ಕೂಸನ್ನೂ ಹಿಂಗೇ ಸುಟ್ರಿ. ಎಲ್ಲಿದೆ ಅದು?" ಎಂದಳು. ಧನ್‌ಸಿಂಗ್ ತಲೆ ತಗ್ಗಿಸಿದ. ಆಮೇಲೆ ಪಕ್ಕದ ಮನೆಯ ಬೈಕು ಕೇಳಲು ಓಡಿದ.

ಕೂಸನ್ನು ತಾಯಿಯ ಬರಿಮೈಗೆ ಒತ್ತಿ, ಮೇಲೆ ಕಂಬಳಿ ಸುತ್ತಿ, ಮೂವರೂ ಹೊರಟರು. ನಡುದಾರಿಯಲ್ಲಿ ಕೂಸಿನ ಉಸಿರು ನಿಂತೇ ಹೋದಂತಾಯಿತು. ಫಗನಿ ಅಂಗಾಲನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ತಾನೇ ಕೊಂದೆ ಎನ್ನಿಸಿತು ಅವಳಿಗೆ. ಆಗ ಕೂಸು ಬಿಕ್ಕಿತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಸೂಜಿಮದ್ದು ಕೊಟ್ಟರು. ಮೂರನೆಯ ದಿನ ಕೂಸು ಮೊಲೆ ಹಿಡಿಯಿತು. ಅಂದೇ ಮಧ್ಯಾಹ್ನ ಇತವಾರಿ ಅಜ್ಜಿ ಅಷ್ಟೂ ದಾರಿ ನಡೆದುಕೊಂಡು ಬಂದಳು. ಕೂಸಿನ ಬಟ್ಟೆ ಸರಿಸಿ, ಕಲೆಯಿಲ್ಲದ ಆ ಹೊಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ಹಂಗಾದ್ರೆ ಫಗನಿ, ನನ್ನ ಕೈಯಲ್ಲಿ ಹೋದ್ವಲ್ಲ ಆರು ಕೂಸು... ಅವು?"

ಸುಳ್ಳು ಹೇಳುವುದು ಸುಲಭವಾಗಿತ್ತು. ಬೈಕಿನ ಮೇಲೆ ಆಗದಷ್ಟು ಹೆದರಿಕೆ ಫಗನಿಗೆ ಈಗ ಆಯಿತು.

"ಇಲ್ಲಿಗೆ ತಂದಿದ್ರೆ ಕೆಲವಾದ್ರೂ ಉಳೀತಿದ್ವು ಅಜ್ಜಿ."

ಮುದುಕಿ ಮಂಚದ ಕಾಲು ಹಿಡಿದು ನೆಲಕ್ಕೆ ಕುಸಿದಳು.

"ಇದನ್ನ ಕಲಿಯೋಕೆ ನಾಲ್ಕು ತಿಂಗಳು ಸಾಕಾಗಿತ್ತಾ?" ಎಂದಳು. "ನನ್ನನ್ನ ಯಾರೂ ನಾಲ್ಕು ದಿನವೂ ಕಳಿಸಲಿಲ್ಲ ಕಣೇ."